ದಿನಕ್ಕೆ ಮೂರು ಬೆರಳು

ಪ್ರತಿಯೊಂದು ಮನೆತನದಲ್ಲಿಯೂ ಒಬ್ಬ ಸಿಟ್ಟಿನ ಹಿರಿಯರಿರುತ್ತಾರೆ. ಅವರ ಹೆಜ್ಜೆಯ ಸಪ್ಪಳ ಕೇಳಿದೊಡನೆ ಮಕ್ಕಳು ಪಡಸಾಲೆಯಿಂದ ಅಡುಗೆಮನೆಗೆ ಸರಿಯುತ್ತಾರೆ. ಹೆಂಗಸರು ದನಿ ತಗ್ಗಿಸುತ್ತಾರೆ. ಅವರು ತೀರಿಹೋದ ಮೇಲೆ, ಹಬ್ಬಕ್ಕೆಂದು ನಾಲ್ಕು ಜನ ಕೂಡಿದಾಗ, ಅವರದೇ ಮಾತು ಬರುತ್ತದೆ. ಆಗ ಎಲ್ಲರೂ ನಗುತ್ತಾರೆ; ನಗುನಗುತ್ತಲೇ ಯಾರೋ ಒಬ್ಬರು ಕಣ್ಣೊರೆಸಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲಿಯೂ ಅಂಥವರೊಬ್ಬರು ಇದ್ದಿದ್ದರೆ, ಅವರನ್ನು ನೆನೆದುಕೊಂಡೇ ಈ ಬರಹವನ್ನು ಓದಿರಿ.

ನಮ್ಮ ಮನೆಯ ಸಿಟ್ಟಿನ ಹಿರಿಯರು ಒಬ್ಬ ವೈದ್ಯರು. ನನ್ನ ತಾಯಿಯ ಚಿಕ್ಕಮ್ಮನ ಗಂಡ. ಬಿಜಾಪುರದ ಕಡೆ ಅಜ್ಜನನ್ನು ಮುತ್ಯಾ ಎನ್ನುವುದು ವಾಡಿಕೆಯಾದ್ದರಿಂದ ನಮಗೆ ಅವರು 'ಡಾಕ್ಟರ್ ಮುತ್ಯಾ'. ಅವರ ಹೆಂಡತಿ ಸರಕಾರಿ ದವಾಖಾನೆಯ ನರ್ಸು. ಆಕೆಯನ್ನು ನಾವು 'ನರ್ಸಾಯಿ' ಎಂದು ಕರೆಯುತ್ತಿದ್ದೆವು. ನಾವು ಬೆಳಗಾವಿ ಕಡೆಯಿಂದ ಬಂದ ಕಥೋಲಿಕರು. ಡಾಕ್ಟರ್ ಮುತ್ಯಾ ಯೆಹೂದ್ಯರು.

ಇದನ್ನು ಓದಿ ನೀವು ಅಚ್ಚರಿಪಡಬಹುದು. ಪವಿತ್ರ ಗ್ರಂಥದಲ್ಲಿ ಓದುವ ಆ ಜನಾಂಗದವರು ಬಿಜಾಪುರದ ಎರೆಭೂಮಿಗೆ ಹೇಗೆ ಬಂದರು? ಕೊಂಕಣದ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿರುವ ಬೆನೆ ಇಸ್ರಯೇಲ್ ಎಂಬ ಯೆಹೂದ್ಯ ಪಂಗಡವೊಂದಿದೆ. ನವಗಾಂವದ ಬಳಿ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ದಡ ಸೇರಿದರೆಂದೂ, ತಾವು ಅವರ ಸಂತತಿಯೆಂದೂ ಅವರು ಪರಂಪರೆಯಾಗಿ ಹೇಳಿಕೊಂಡು ಬಂದಿದ್ದಾರೆ. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಎಂದರೆ ಶನಿವಾರದ ಗಾಣಿಗರು. ಮನೆಮಾತು ಮರಾಠಿ. ಬ್ರಿಟಿಷರ ಕಾಲದಲ್ಲಿ ಅವರು ಕಲಿತು ಸೈನ್ಯ, ರೈಲ್ವೆ, ಕಚೇರಿ, ಆಸ್ಪತ್ರೆಗಳಲ್ಲಿ ನೌಕರಿ ಹಿಡಿದು ಮುಂಬಯಿ ಪ್ರಾಂತ್ಯದ ತುಂಬ ಹರಡಿದರು. ಬಿಜಾಪುರ ಜಿಲ್ಲೆ 1956ರ ಅಕ್ಟೋಬರ್ ಕೊನೆಯವರೆಗೂ ಮುಂಬಯಿಯ ಆಡಳಿತದಲ್ಲಿಯೇ ಇತ್ತಲ್ಲವೇ? ಹಾಗೆ ಬಂದವರು ಡಾಕ್ಟರ್ ಮುತ್ಯಾ. ಮರುದಿನ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅವರು ಹಿಂದಿರುಗಿ ಹೋಗಲಿಲ್ಲ.

ಅವರ ಪಂಗಡದ ಹಿರಿಯ ವೈದ್ಯೆಯೊಬ್ಬರ ಹೆಸರನ್ನು ಅವರು ಸದಾ ಹೇಳುತ್ತಿದ್ದರು: ಡಾಕ್ಟರ್ ಜೆರೂಷಾ ಝಿರಾಡ್. ಲಂಡನ್ನಿಗೆ ಹೋಗಿ ಎಂ.ಡಿ. ಪದವಿ ಪಡೆದು ಬಂದವರು. ಮುಂಬಯಿಯ ಕಾಮಾ ಆಸ್ಪತ್ರೆಯನ್ನು ವರ್ಷಗಟ್ಟಲೆ ನಡೆಸಿದವರು. 1966ರಲ್ಲಿ ಪದ್ಮಶ್ರೀ ಪಡೆದವರು. ಅವರು ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ. "ನಿಮ್ಮ ಕನ್ನಡ ನಾಡಿನ ನೀರು ಕುಡದ ಹುಟ್ಟಿದಾಕಿ" ಎಂದು ಮುತ್ಯಾ ಹೆಮ್ಮೆಪಡುತ್ತಿದ್ದರು. ನೀರಿನ ಮಾತಿಲ್ಲದೆ ಅವರ ಯಾವ ಮಾತೂ ಮುಗಿಯುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು.

ನನ್ನ ತಂದೆ ಸರಕಾರಿ ಶಾಲೆಯ ಶಿಕ್ಷಕರು. ತಂದೆಗೂ ಮುತ್ಯಾನಿಗೂ ವರ್ಗವಾಗುತ್ತಿದ್ದುದು ಇವೇ ನಾಲ್ಕು ತಾಲ್ಲೂಕುಗಳಲ್ಲಿ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಒಂದೇ ಊರಿನಲ್ಲಿ ಇಲ್ಲದಿದ್ದಾಗ ರಜೆಗೆ ಅವರ ಮನೆಗೆ ನಾವು ಹೋಗುತ್ತಿದ್ದೆವು. ಆದ್ದರಿಂದ ನನ್ನ ನೆನಪುಗಳೂ ಈ ನಾಲ್ಕು ಊರುಗಳ ಹೆಸರಿನಲ್ಲಿಯೇ ಉಳಿದಿವೆ.

ಮೊದಲನೆಯದು ಇಂಡಿ. ನನಗಾಗ ಏಳು ವರ್ಷವಿರಬೇಕು. ದವಾಖಾನೆಯ ಕಟ್ಟೆಯ ಮೇಲೆ ಬೆಳಗಿನಿಂದಲೇ ಜನ. ಒಳಗಿನಿಂದ ಮುತ್ಯಾನ ದನಿ ಬೀದಿಗೆ ಕೇಳುತ್ತಿತ್ತು. ಮಾತಿನ ನಡುವೆ ಪಿಂಗಾಣಿಯ ತಟ್ಟೆಯೊಂದು ನೆಲಕ್ಕೆ ಬಿದ್ದ ಸದ್ದು. ಅದು ತಾನಾಗಿ ಬಿದ್ದುದಲ್ಲವೆಂಬುದು ಕಟ್ಟೆಯ ಮೇಲಿದ್ದವರಿಗೆಲ್ಲ ಗೊತ್ತು. ಜವಾನನು ಹೊರಗೆ ಬಂದು, ಬೀಡಿ ಹಚ್ಚಿ, ಗಾಳಿ ತಣ್ಣಗಾಗುವವರೆಗೆ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದನು. ಊರವರು ಅವರಿಗೆ 'ಬೆಂಕಿ ಡಾಕ್ಟರು' ಎಂದು ಹೆಸರಿಟ್ಟಿದ್ದರು. ಆದರೂ ಕಟ್ಟೆ ಎಂದೂ ಖಾಲಿಯಾಗಿರಲಿಲ್ಲ. ಬೈಯುತ್ತಲೇ ಗಾಯ ತೊಳೆಯುತ್ತಿದ್ದರು. ಬೈಯುತ್ತಲೇ ಔಷಧಿಯ ಹಣ ತಮ್ಮ ಜೇಬಿನಿಂದ ಕೊಡುತ್ತಿದ್ದರು.

ಅವರ ಸಿಟ್ಟಿಗೆಲ್ಲ ದೊಡ್ಡ ಕಾರಣ ನಾರುಹುಣ್ಣು. ಇಂದಿನ ಮಕ್ಕಳಿಗೆ ಈ ಹೆಸರೇ ಗೊತ್ತಿಲ್ಲ. ಅದು ದೇವರ ದಯೆ. ಬಿಜಾಪುರ ಸೀಮೆಯಲ್ಲಿ ಅಂದು ನೀರು ಅಪರೂಪ. ಬೇಸಗೆಯಲ್ಲಿ ಊರಿಗೆಲ್ಲ ಒಂದೇ ಮೆಟ್ಟಿಲ ಬಾವಿ. ಜನ ಮೆಟ್ಟಿಲಿಳಿದು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಕೊಡ ಮುಳುಗಿಸುತ್ತಿದ್ದರು. ಆ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂತಿರುವ ಸೈಕ್ಲಾಪ್ಸ್ ಎಂಬ ಕ್ರಿಮಿಗಳಿರುತ್ತವೆ. ಅವುಗಳ ಹೊಟ್ಟೆಯೊಳಗೆ ನಾರುಹುಳುವಿನ ಮರಿ. ಸೋಸದೆ ಕುಡಿದವನ ದೇಹದಲ್ಲಿ ಅದು ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಒಂದು ಮೀಟರಿನಷ್ಟು ಉದ್ದವಾಗುತ್ತದೆ. ಆಮೇಲೆ ಪಾದದಲ್ಲೋ ಮೀನಗಂಡದಲ್ಲೋ ಬೊಕ್ಕೆಯೆದ್ದು ಬೆಂಕಿಯಿಟ್ಟಂತೆ ಉರಿಯುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿನಲ್ಲಿ ಇಡುತ್ತಾನೆ. ಅದನ್ನೇ ಕಾದಿದ್ದ ಹುಳು ಸಾವಿರಾರು ಮರಿಗಳನ್ನು ಆ ನೀರಿಗೆ ಬಿಡುತ್ತದೆ. ಹೀಗೆ ಒಬ್ಬನ ಉರಿ ಮುಂದಿನ ವರ್ಷ ಊರಿನ ಉರಿಯಾಗುತ್ತದೆ. ಮುಂಗಾರು ಬಿತ್ತನೆಯ ಹೊತ್ತಿಗೆ ರೈತರು ಹಾಸಿಗೆ ಹಿಡಿದರೆ ಆ ವರ್ಷದ ಅನ್ನವೂ ಹೋದಂತೆಯೇ.

ಈ ಹುಳುವನ್ನು ಕೊಲ್ಲುವ ಔಷಧಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಇದ್ದುದು ಎರಡೇ ಉಪಾಯ. ಕಾಯಿಲೆ ಬಾರದಂತೆ ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಬಾವಿಯಲ್ಲಿ ಕಾಲಿಡದಿರುವುದು. ಬಂದ ಮೇಲೆ, ಹೊರಗೆ ತಲೆ ಹಾಕಿದ ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಎಳೆಯುವುದು. ದಿನಕ್ಕೆ ಎರಡು ಬೆರಳು, ಬಹಳವಾದರೆ ಮೂರು ಬೆರಳು. ಅವಸರಪಟ್ಟು ಜಗ್ಗಿದರೆ ಹುಳು ಒಳಗೇ ಹರಿಯುತ್ತದೆ. ಕಾಲು ಬಾತು, ಕೀವಾಗಿ, ಮೊದಲಿನ ನೋವು ಹತ್ತರಷ್ಟಾಗುತ್ತದೆ.

"ಬಾವ್ಯಾಗ ಕಾಲ ಇಡಬ್ಯಾಡ ಅಂತ ಹ್ವಾದ ವರ್ಷ ಹೇಳಿದ್ನೋ ಇಲ್ಲೋ? ನಿನ್ನ ಕಾಲಾಗಿನ ಹುಳ ಊರಿನ ಕೂಸುಗಳ ಹೊಟ್ಟಿಗೆ ಹೋಗತೈತಿ, ತಿಳೀತೇನು!" ಎಂದು ಮುತ್ಯಾ ಗುಡುಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಅವರ ಮಾತು ನೂರಕ್ಕೆ ನೂರು ಸತ್ಯ. ಆದರೆ ಓದುಗರೇ, ಸತ್ಯವನ್ನು ಕೂಗಿ ಹೇಳಿದರೆ ಕೇಳುವವನ ಕಿವಿಗೆ ಕೂಗು ಮಾತ್ರ ಮುಟ್ಟುತ್ತದೆ. ಅವರ ಬಾಯಿಗೆ ಹೆದರಿ ಹುಣ್ಣನ್ನು ಮುಚ್ಚಿಟ್ಟುಕೊಂಡು ದವಾಖಾನೆಗೆ ಬಾರದೆ ಉಳಿದವರೂ ಇದ್ದರು. ಇದನ್ನು ನರ್ಸಾಯಿ ಹಲವು ಸಲ ಹೇಳಿದಳು. ಅವರು ಕೇಳಲಿಲ್ಲ.

ಕೇಳಿದ್ದು ಸಿಂದಗಿಯಲ್ಲಿ.

ಅದು 1961ರ ಬೇಸಗೆ. ಈ ಸಂಗತಿಯನ್ನು ನಾನು ಕಂಡಿಲ್ಲ. ನರ್ಸಾಯಿಯ ಬಾಯಿಂದ ಬಹಳ ವರ್ಷಗಳ ತರುವಾಯ ಕೇಳಿದ್ದು. ಹತ್ತಿರದ ಹಳ್ಳಿಯಿಂದ ಒಬ್ಬ ತರುಣ ಬಂದಿದ್ದನು. ಬೇರೆಯವರ ಹೊಲದಲ್ಲಿ ದುಡಿಯುವವನು. ಪಾದದಿಂದ ಹುಳು ಹೊರಬಂದು ಆರು ದಿನವಾಗಿತ್ತು. ಕಡ್ಡಿಗೆ ಸುತ್ತಿ ಕಟ್ಟಿ ಕಳಿಸಲಾಗಿತ್ತು. ಆ ದಿನ ಬೆಳಿಗ್ಗೆ ಅವನು ಉರಿ ತಾಳದೆ ಬಾವಿಯ ಮೆಟ್ಟಿಲ ಮೇಲೆ ಕುಳಿತು ಕಾಲನ್ನು ನೀರಿನಲ್ಲಿ ಇಟ್ಟಿದ್ದನ್ನು ಯಾರೋ ನೋಡಿ ಮುತ್ಯಾನಿಗೆ ಹೇಳಿದರು. ಮುತ್ಯಾ ಕೆಂಡವಾದರು. ಬೈಯುತ್ತ ಬೈಯುತ್ತಲೇ ಪಟ್ಟಿ ಬಿಚ್ಚಿದರು; ಬೈಯುತ್ತಲೇ ಕಡ್ಡಿ ಹಿಡಿದರು. ಕೈ ಒಮ್ಮೆ ಜಗ್ಗಿತು. ಹುಳು ಹರಿಯಿತು.

ಒಂದು ಕ್ಷಣ ಯಾರೂ ಮಾತಾಡಲಿಲ್ಲವಂತೆ. ಆ ತರುಣ ಕೂಡ ಕೂಗಲಿಲ್ಲ. ತನ್ನದೇ ತಪ್ಪೆಂಬಂತೆ ಡಾಕ್ಟರ ಮುಖವನ್ನು ನೋಡಿದನಂತೆ. ಎರಡೇ ದಿನದಲ್ಲಿ ಕಾಲು ಮೊಣಕಾಲಿನವರೆಗೆ ಬಾತಿತು. ಜ್ವರ ಬಂದಿತು. ಎರಡು ತಿಂಗಳು ಹಾಸಿಗೆ. ಜೀವ ಉಳಿಯಿತು, ಆದರೆ ಕಾಲಿನ ಗೆಣ್ಣು ಸೆಟೆದುಕೊಂಡು ಅವನು ಕಡೆಯವರೆಗೂ ಕುಂಟಿದನು. ಮುತ್ಯಾ ವಾರವಾರವೂ ಸೈಕಲ್ ತುಳಿದು ಅವನ ಹಳ್ಳಿಗೆ ಹೋದರು. ಆ ವರ್ಷದ ಕೂಲಿಯನ್ನು ತಾವೇ ತುಂಬಿಕೊಟ್ಟರು. ಆ ಮನೆಯವರು "ನೀವೇನ ಮಾಡ್ತೀರಿ ಸಾಹೇಬ್ರ, ನಮ್ಮ ಹಣೇಬಾರ" ಎಂದರು. ಅದೇ ಅವರನ್ನು ಹೆಚ್ಚು ಸುಟ್ಟಿತು.

ಅಂದಿನಿಂದ ಒಂದು ಹೊಸ ರೂಢಿ ಬಂತು. ಹುಳುವಿನ ಕಡ್ಡಿಯನ್ನು ಮುಟ್ಟುವ ಮೊದಲು ಅವರು ಬಲಗೈಯಿಂದ ಎರಡೂ ಕಣ್ಣು ಮುಚ್ಚಿಕೊಂಡು ಏನನ್ನೋ ಮೆಲ್ಲನೆ ಹೇಳುತ್ತಿದ್ದರು. ಮಕ್ಕಳಾದ ನಾವು ಅದು ವೈದ್ಯದ ಮಂತ್ರವೋ, ಸಿಟ್ಟು ಇಳಿಯಲು ಎಣಿಸುವ ಅಂಕಿಯೋ ಎಂದುಕೊಂಡಿದ್ದೆವು. ಅದು 'ಶೆಮಾ': ದೇವರೊಬ್ಬನೇ ಎಂದು ಸಾರಿ, ಆತನನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕೆಂದು ಹೇಳುವ ಯೆಹೂದ್ಯರ ಪ್ರಾರ್ಥನೆ. ಕೊಂಕಣದ ಹಳ್ಳಿಗಳಲ್ಲಿ ಹೀಬ್ರೂ ಭಾಷೆ ಮರೆತುಹೋದ ಕಾಲದಲ್ಲಿಯೂ ಬೆನೆ ಇಸ್ರಯೇಲರ ನಾಲಿಗೆಯ ಮೇಲೆ ಉಳಿದುಕೊಂಡದ್ದು ಅದೇ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಕೇಳಿದಾಗ ಯೇಸುಸ್ವಾಮಿ ಮೊದಲು ಹೇಳಿದ್ದೂ ಅದನ್ನೇ. ನಾವು ಅದನ್ನು ಶುಭಸಂದೇಶದಲ್ಲಿ ಕೇಳುತ್ತಿದ್ದೆವು. ಮುತ್ಯಾನ ತುಟಿಯ ಮೇಲೆ ಕಂಡಾಗ ಗುರುತಿಸಲಿಲ್ಲ.

ನಾನು ದೊಡ್ಡವನಾದ ಮೇಲೆ ಒಮ್ಮೆ, "ನಿಮಗ ಇಷ್ಟು ಸಿಟ್ಟು ಯಾಕ ಬರತಿತ್ತು, ಮುತ್ಯಾ?" ಎಂದು ಕೇಳಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಮೋಶೆಯ ಕಥೆ ಹೇಳಿದರು. "ಮಂದಿ ನೀರಡಿಸಿ ಜಗಳ ತಗದರು. ಮೋಶೆ ಸಿಟ್ಟಿಲೆ ಬಂಡೆಗೆ ಎರಡು ಸಲ ಕೋಲಿಲೆ ಹೊಡದ. ನೀರು ಬಂತು. ಮಂದಿ ಕುಡೀತು, ದನಾ ಕುಡದ್ವು. ಆದರ ನೀರಿನ ಲೆಕ್ಕ ಬ್ಯಾರೆ, ಸಿಟ್ಟಿನ ಲೆಕ್ಕ ಬ್ಯಾರೆ. ದೇವರು ಕೊಡತೀನಿ ಅಂದ ನಾಡು ಅವಂಗ ದೂರಿಂದ ಕಂಡಿತು, ಕಾಲಿಡಲಿಕ್ಕೆ ಆಗಲಿಲ್ಲ."

ಒಳ್ಳೆಯದಕ್ಕಾಗಿ ಸಿಟ್ಟಾದೆನೆಂದು ನಾವು ಎಷ್ಟು ಸಲ ಸಮಾಧಾನ ಹೇಳಿಕೊಂಡಿದ್ದೇವೆ! ಮಕ್ಕಳ ಒಳ್ಳೆಯದಕ್ಕೆ, ಶಾಲೆಯ ಒಳ್ಳೆಯದಕ್ಕೆ, ಧರ್ಮಕೇಂದ್ರದ ಒಳ್ಳೆಯದಕ್ಕೆ. ಒಳ್ಳೆಯದು ಆಗಿಯೂ ಇರಬಹುದು. ಆದರೂ ಎರಡು ಲೆಕ್ಕಗಳು ಬೇರೆ ಬೇರೆಯೇ.

ಮೂರನೆಯ ಊರು ಮುದ್ದೇಬಿಹಾಳ. ಇದು ನಾನು ಕಣ್ಣಾರೆ ಕಂಡದ್ದು.

ನಮ್ಮ ತಂದೆಯ ತಾಯಿ, ನನ್ನ ಅಜ್ಜಿ, ನಮ್ಮೊಡನೆಯೇ ಇದ್ದಳು. ಜಪಮಾಲೆ ಕೈಬಿಡದ ಭಕ್ತೆ. ಆದರೆ ಸೊಸೆಯ ತವರಿನಲ್ಲಿ ನಡೆದ ಈ ಮದುವೆಯನ್ನು ಅವಳು ಮನಸ್ಸಿನಿಂದ ಒಪ್ಪಿರಲಿಲ್ಲ. ಮುತ್ಯಾ, ನರ್ಸಾಯಿ ಇಬ್ಬರೂ ತಂತಮ್ಮ ವಿಶ್ವಾಸವನ್ನು ಬಿಡಲು ಸಿದ್ಧರಿರಲಿಲ್ಲ. 1954ರ ವಿಶೇಷ ವಿವಾಹ ಕಾಯಿದೆ ಮರುವರ್ಷದ ಜನವರಿ 1ರಿಂದ ಜಾರಿಗೆ ಬಂದ ಮೇಲೆ, ರಿಜಿಸ್ಟ್ರಾರರ ಮುಂದೆ ಸಹಿ ಮಾಡಿ ಮದುವೆಯಾದವರು ಅವರು. ಚರ್ಚಿನಲ್ಲಿ ಆಗದ ಮದುವೆಯೆಂದು ನರ್ಸಾಯಿ ಎಷ್ಟೋ ವರ್ಷ ಪೂಜೆಯಲ್ಲಿ ಕಡೆಯ ಬೆಂಚಿನ ಮೇಲೆ ಕುಳಿತು, ಪ್ರಸಾದ ಸ್ವೀಕರಿಸದೆ ಮನೆಗೆ ಬರುತ್ತಿದ್ದಳು. ಮುಂದೆ ಹಿರಿಯ ಗುರುಗಳೊಬ್ಬರ ನೆರವಿನಿಂದ ಅಪ್ಪಣೆ ದೊರೆತು ಅದು ಕ್ರಮಬದ್ಧವಾಯಿತು. ಆ ವರ್ಷಗಳ ನೋವನ್ನು ಆಕೆ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

1964ರ ಮಾರ್ಚ್ 27, ಶುಭ ಶುಕ್ರವಾರ. ನಾವಿದ್ದ ಊರಿನಲ್ಲಿ ನಮ್ಮಂಥ ಮನೆಗಳು ಬೆರಳೆಣಿಕೆಯವು. ಸಂಜೆ ನಮ್ಮ ಪಡಸಾಲೆಯಲ್ಲಿಯೇ ಶಿಲುಬೆಹಾದಿಯ ಪ್ರಾರ್ಥನೆ. ಮುಗಿಯುವ ಹೊತ್ತಿಗೆ ಮುತ್ಯಾ ನರ್ಸಾಯಿಯನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ಟೋಪಿ ತೆಗೆದು ನಿಂತರು. ಅಜ್ಜಿ ಅವರತ್ತ ನೋಡಿ, ಎಲ್ಲರಿಗೂ ಕೇಳುವಂತೆ, "ಸ್ವಾಮಿನ ಕೊಂದ ಮಂದಿ ಇವತ್ತರ ಮನ್ಯಾಗ ಇರಬಾರದಾ?" ಎಂದಳು.

ನಾವೆಲ್ಲ ಉಸಿರು ಬಿಗಿಹಿಡಿದೆವು. ಒಂದು ಕೊಡ ನೀರಿಗಾಗಿ ಊರನ್ನೇ ಬೈದ ಮನುಷ್ಯ ಈಗ ಏನು ಮಾಡಿಯಾರು? ಮುತ್ಯಾನ ಮುಖ ಕೆಂಪಾಗಲಿಲ್ಲ, ಬೆಳ್ಳಗಾಯಿತು. ಅವರು ಕೈಯಲ್ಲಿದ್ದ ಟೋಪಿಯನ್ನು ನೋಡಿದರು. ತಿರುಗಿ ಮೆಟ್ಟಿಲಿಳಿದು ಹೋದರು. ಅವರಿಗೆ ಸಿಟ್ಟು ಬರದಿದ್ದುದನ್ನು ನಾನು ಕಂಡದ್ದು ಅದೇ ಮೊದಲ ಸಲ. ಆ ಮೌನಕ್ಕೆ ನಾನು ಹೆದರಿದಷ್ಟು ಅವರ ಗುಡುಗಿಗೆ ಎಂದೂ ಹೆದರಿರಲಿಲ್ಲ.

ಅಜ್ಜಿಯೊಬ್ಬಳನ್ನೇ ದೂರಬೇಡಿರಿ. ಶತಮಾನಗಳಿಂದ ನಮ್ಮ ಜನ ಹಾಗೆಯೇ ಕೇಳಿಕೊಂಡು ಬಂದಿದ್ದರು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರ ವಿಶ್ವಾಸವನ್ನು ಹಳಿಯುತ್ತಿದ್ದ ಪದವನ್ನು ಪೋಪ್ 23ನೇ ಜಾನ್ ತೆಗೆಸಿದ್ದು 1959ರಲ್ಲಷ್ಟೇ. ಆ ಸುದ್ದಿ ನಮ್ಮ ಪಡಸಾಲೆಯನ್ನು ಇನ್ನೂ ತಲುಪಿರಲಿಲ್ಲ.

ಆರು ವಾರ ಅವರು ನಮ್ಮ ಮನೆಗೆ ಬರಲಿಲ್ಲ. ಮೇ ತಿಂಗಳ ಮೊದಲಲ್ಲಿ ಅಜ್ಜಿಯ ಎಡಗಾಲಿನಲ್ಲಿ ಬೊಕ್ಕೆಯೆದ್ದಿತು. ಹಿಂದಿನ ಬೇಸಗೆಯಲ್ಲಿ ನೆಂಟರ ಊರಿಗೆ ಹೋದಾಗ ಕುಡಿದ ನೀರಿನ ಫಲ. ಉರಿಯಿಂದ ರಾತ್ರಿಯೆಲ್ಲ ನರಳಿದರೂ, "ಆ ಡಾಕ್ಟರ ಬ್ಯಾಡ" ಎಂದಳು. ಕೊನೆಗೆ ತಂದೆಯವರು ಹೇಳಿ ಕಳಿಸಿದರು. ಮೇ 10ರ ಸಂಜೆ ಮುತ್ಯಾ ಚೀಲ ಹಿಡಿದು ಬಂದರು. ಬೈಗುಳವಿಲ್ಲ, ಹಳೆಯ ಮಾತಿಲ್ಲ. ತಣ್ಣೀರು ಅದ್ದಿದ ಬಟ್ಟೆಯನ್ನು ಹುಣ್ಣಿನ ಮೇಲೆ ಇಟ್ಟು, ಹುಳುವಿನ ತುದಿ ಕಾಣಿಸುವವರೆಗೆ ಕಾದು, ಬಲಗೈಯಿಂದ ಕಣ್ಣು ಮುಚ್ಚಿಕೊಂಡರು. ಆಮೇಲೆ ಕಡ್ಡಿಗೆ ಮೂರು ಬೆರಳಿನಷ್ಟು ಸುತ್ತಿ, ಪಟ್ಟಿ ಕಟ್ಟಿ, "ನಾಳೆ ಬರತೀನಿ, ಅಕ್ಕಾ. ಕಾಲು ನೀರಾಗ ಇಡಬ್ಯಾಡ್ರಿ" ಎಂದು ಹೋದರು.

ಹಾಗೆ ಇಪ್ಪತ್ತೊಂದು ದಿನ. ಅಜ್ಜಿ ಮೊದಲ ದಿನಗಳಲ್ಲಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಮಲಗುತ್ತಿದ್ದಳು. ಮೇ 22ರಂದು ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನಮ್ಮ ಕಡೆಯ ಜನ ಬಂಡಿ ಕಟ್ಟಿಕೊಂಡು, ಬಸ್ಸು ಹತ್ತಿ ನೋಡಲು ಹೋದರು. ನೀರಿಗಾಗಿ ಜೀವಮಾನವಿಡೀ ಕೂಗಿದ ಮುತ್ಯಾ ಹೋಗಲಿಲ್ಲ. ಸಂಜೆ ನಮ್ಮ ಮನೆಯಲ್ಲಿ ಕಡ್ಡಿ ಹಿಡಿದು ಕುಳಿತಿದ್ದರು. ಅಂದು ಶುಕ್ರವಾರ. ಯೆಹೂದ್ಯರ ಸಬ್ಬತ್ತು ಶುಕ್ರವಾರ ಸೂರ್ಯ ಮುಳುಗುವಾಗ ಆರಂಭವಾಗುತ್ತದೆ; ಆಗ ಮನೆಯಲ್ಲಿ ದೀಪ ಹಚ್ಚಬೇಕು. ಕಿಟಕಿಯ ಬಿಸಿಲು ಹಳದಿಯಾಗುತ್ತಿತ್ತು. ಗೋಡೆಯ ಕಡೆಗಿದ್ದ ಮುಖವನ್ನು ಅಜ್ಜಿ ಈ ಕಡೆ ಹೊರಳಿಸಿ ಹೇಳಿದಳು: "ಡಾಕ್ಟರ, ಹೊತ್ತು ಮುಣಗಾಕ ಹತ್ತೈತಿ. ಮನಿಗಿ ಹೋಗ್ರಿ. ನೀವು ದೀಪಾ ಹಚ್ಚೂದೈತಲ್ಲಾ."

ಅಜ್ಜಿ ಕ್ಷಮೆ ಬೇಡಿದ್ದು ಅಷ್ಟೇ. ಮುತ್ಯಾ ಕ್ಷಮಿಸಿದ್ದೂ ಅಷ್ಟೇ: "ಇನ್ನೊಂದು ಬೆರಳು ಐತಿ, ಅಕ್ಕಾ. ಮುಗಿಸೇ ಹೋಗತೀನಿ."

ಮೇ 27ರಂದು ನೆಹರೂ ತೀರಿಕೊಂಡ ಸುದ್ದಿ ಬಂದು ಊರೇ ಸ್ತಬ್ಧವಾದ ಸಂಜೆಯೂ ಅವರು ಬಂದರು. ಮೇ 30ರಂದು ಹುಳುವಿನ ಕೊನೆಯ ತುದಿ ಹೊರಗೆ ಬಂದಾಗ ಶನಿವಾರ. ಸಬ್ಬತ್ತಿನ ದಿನ ಅವರು ಕಾಗದದ ಮೇಲೆ ಅಕ್ಷರ ಬರೆಯುತ್ತಿರಲಿಲ್ಲ. ಆದರೆ ನೋವಿನಲ್ಲಿದ್ದವರ ಮನೆಗೆ ಹೋಗದೆ ಇರುತ್ತಿರಲಿಲ್ಲ. ಸಬ್ಬತ್ ದಿನ ಗುಣಪಡಿಸಿದ ಸ್ವಾಮಿಯ ಕಥೆಯನ್ನು ಬಲ್ಲ ಅಜ್ಜಿ ಆ ದಿನ ಏನು ಯೋಚಿಸಿದಳೋ ನಾನರಿಯೆ. ಮರುದಿನದಿಂದ ನಮ್ಮ ಮನೆಯ ಪ್ರತಿಯೊಂದು ಕೊಡದ ಬಾಯಿಗೂ ಅವಳ ಹಳೆಯ ಸೀರೆಯ ನಾಲ್ಕು ಪದರದ ಬಟ್ಟೆ ಬಿಗಿಯಿತು. ಓಣಿಯ ಹೆಂಗಸರಿಗೂ ಕಲಿಸಿದಳು. ಮುತ್ಯಾನ ಗದ್ದಲಕ್ಕೆ ಬಗ್ಗದ ಓಣಿ ಅಜ್ಜಿಯ ಮಾತಿಗೆ ಬಗ್ಗಿತು.

ಮರುವರ್ಷ, 1965ರ ಅಕ್ಟೋಬರ್ 28ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು 'ನೊಸ್ತ್ರಾ ಎತಾತೆ' ಎಂಬ ಘೋಷಣೆಯನ್ನು ಹೊರಡಿಸಿತು. ಸ್ವಾಮಿಯ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ಧರ್ಮಸಭೆ ಸ್ಪಷ್ಟಪಡಿಸಿತು. ಗುರುಗಳು ಬಂದಾಗ ಅದನ್ನು ವಿವರಿಸಿದರು. ಅಜ್ಜಿ ಜಪಮಾಲೆಯ ಮಣಿ ಸರಿಸುತ್ತ, "ನನಗ ಗೊತ್ತೈತ್ರಿ, ಫಾದರ್" ಎಂದಳು.

ನಾಲ್ಕನೆಯ ಊರು ಬಸವನ ಬಾಗೇವಾಡಿ. ಮುತ್ಯಾ ನಿವೃತ್ತರಾಗಿ ಅಲ್ಲಿಯೇ ಉಳಿದರು. ಅವರ ತಮ್ಮಂದಿರು ಇಸ್ರೇಲಿಗೆ ಹೋದರು, ಇವರು ಹೋಗಲಿಲ್ಲ. ಬಸವಣ್ಣನವರು ಹುಟ್ಟಿದ ಊರು ಅದು. ಕೋಪವು ಮೊದಲು ಕೋಪಿಸಿಕೊಂಡವನನ್ನೇ ಸುಡುತ್ತದೆಂಬ ಅರ್ಥದ ಅವರ ವಚನವನ್ನು ನೆರೆಮನೆಯ ಶರಣರೊಬ್ಬರು ಮುತ್ಯಾನಿಗೆ ಆಗಾಗ ಹೇಳುತ್ತಿದ್ದರು. ಮುತ್ಯಾ, "ನಮ್ಮ ಮೋಶೆಗೆ ನಿಮ್ಮ ಬಸವಣ್ಣ ಸಿಕ್ಕಿದ್ದರ ಎಷ್ಟು ಚಲೋ ಇತ್ತು!" ಎಂದು ನಗುತ್ತಿದ್ದರು. ಅವರು ಹರಕೆಯೆಂದು ಅವಲಕ್ಕಿ, ತೆಂಗಿನ ತುರಿ, ಸಕ್ಕರೆ ಬೆರೆಸಿ ಪ್ರವಾದಿ ಎಲೀಯನ ಹೆಸರಿನಲ್ಲಿ ಮಾಡಿಸುತ್ತಿದ್ದ 'ಮಲೀದಾ' ಓಣಿಯ ಎಲ್ಲ ಮಕ್ಕಳಿಗೂ ಸಲ್ಲುತ್ತಿತ್ತು.

ಸಿಟ್ಟು ಪೂರ್ತಿ ಹೋಯಿತೆಂದು ತಿಳಿಯಬೇಡಿರಿ. ಕಡೆಯವರೆಗೂ ಬರುತ್ತಿತ್ತು. ಆದರೆ ಬಂದಾಗ ಬಲಗೈ ಕಣ್ಣಿಗೆ ಏರುತ್ತಿತ್ತು. ಒಂದು ದಿನ ನನಗೆ ಅವರು ಅರಣ್ಯದ ಉರಿಹಾವುಗಳ ಪ್ರಸಂಗವನ್ನು ತೋರಿಸಿದರು. ಇಸ್ರಯೇಲರನ್ನು ಕಚ್ಚಿದ ಆ ಹಾವುಗಳು ಈ ನಾರುಹುಳುಗಳೇ ಆಗಿದ್ದಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಮೋಶೆ ಕಂಬದ ಮೇಲೆ ಎತ್ತಿ ನಿಲ್ಲಿಸಿದ ಕಂಚಿನ ಹಾವು, ಕಡ್ಡಿಗೆ ಸುತ್ತಿದ ಹುಳು: ಊಹೆ ನಿಜವೋ ಅಲ್ಲವೋ, ಆ ಎರಡು ಚಿತ್ರಗಳು ನನ್ನ ಮನಸ್ಸಿನಲ್ಲಿ ಒಂದಾಗಿವೆ. ಬಂಡೆಗೆ ಹೊಡೆದ ಕೋಲೂ ಅದೇ ಗ್ರಂಥದಲ್ಲಿದೆ, ವಾಸಿಮಾಡಿದ ಕಂಬವೂ ಅದೇ ಗ್ರಂಥದಲ್ಲಿದೆ. ಒಂದರ ಹಿಂದೆ ಒಂದು ಅಧ್ಯಾಯ.

ಮುತ್ಯಾ 1978ರಲ್ಲಿ ತೀರಿಕೊಂಡರು. ಅವರ ಜನರ ಸ್ಮಶಾನವಿದ್ದ ಪುಣೆಗೆ ಒಯ್ದು ಮಣ್ಣು ಮಾಡಿದೆವು. ಸಿಂದಗಿಯ ಕಡೆಯ ಆ ಕುಂಟುಗಾಲಿನ ರೈತ ಸುದ್ದಿ ತಿಳಿದು ಬಾಗೇವಾಡಿಯವರೆಗೆ ಬಂದಿದ್ದನು. ನರ್ಸಾಯಿ ಎಂಟು ವರ್ಷಗಳ ನಂತರ ಬಿಜಾಪುರದಲ್ಲಿ ಸಮಾಧಿಯಾದಳು. ಬದುಕಿನಲ್ಲಿ ಒಂದೇ ದೀಪ ಹಚ್ಚಿದ ಅವರ ಸಮಾಧಿಗಳು ಹೀಗೆ ದೂರ ದೂರ.

ನಾರುಹುಣ್ಣನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1983–84ರಲ್ಲಿ. ದೇಶದಲ್ಲಿ ಆಗ ವರ್ಷಕ್ಕೆ ಸುಮಾರು 40 ಸಾವಿರ ರೋಗಿಗಳು. ಮೆಟ್ಟಿಲ ಬಾವಿಗಳು ಸೇದುವ ಬಾವಿಗಳಾದವು, ಕೊಳವೆಬಾವಿಗಳು ಬಂದವು, ಸೋಸುವ ಬಟ್ಟೆಯನ್ನು ಮನೆಮನೆಗೆ ಹಂಚಿದರು. ಯಾರನ್ನೂ ಬೈಯದೆ, ವರ್ಷಗಟ್ಟಲೆ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ಭಾರತದ ಕಡೆಯ ರೋಗಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಹುಳುವಿಲ್ಲದ ನಾಡನ್ನು ಮುತ್ಯಾ ನೋಡಲಿಲ್ಲ. ದೂರದಿಂದಲೂ ಕಂಡರೋ ಇಲ್ಲವೋ.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ಮುತ್ಯಾನ ಸಿಟ್ಟು ರಕ್ತಸಂಬಂಧವಿಲ್ಲದೆಯೂ ನನಗೆ ಬಂದಿದೆ. ಎರಡು ವರ್ಷಗಳ ಹಿಂದೆ ನನ್ನ ಹಿರಿಯ ಮಗನಿಗೆ, ಅವನ ಹೆಂಡತಿಯ ಎದುರಿಗೆ, ಆಡಬಾರದ ಮಾತು ಆಡಿದೆ. ನಾನು ಹೇಳಿದ ವಿಷಯ ಸರಿಯಿತ್ತು. ಎರಡು ವರ್ಷ ಅದನ್ನೇ ಹೇಳಿಕೊಂಡು ಕುಳಿತೆ: ವಿಷಯ ಸರಿಯಿತ್ತು. ಅವನ ಫೋನು ಬರಲಿಲ್ಲ. ನನಗೂ ಎಲ್ಲವನ್ನೂ ಒಮ್ಮೆಗೇ ಎಳೆದು ಮುಗಿಸುವ ಅವಸರ. ಉದ್ದವಾದ ಪತ್ರ ಬರೆದೆ, ಹರಿದು ಹಾಕಿದೆ. ಹೀಗೆ ಜಗ್ಗಿದರೆ ಹರಿಯುತ್ತದೆಂದು ನನಗೆ ಗೊತ್ತಿತ್ತು.

ಕಳೆದ ತಿಂಗಳು ನಾನೇ ಫೋನು ಮಾಡಿದೆ. ಹಳೆಯ ಮಾತು ಎತ್ತಲಿಲ್ಲ. "ನಿಮ್ಮಲ್ಲಿ ಮಳೆಯಾಯಿತೇ?" ಎಂದು ಕೇಳಿದೆ. "ಆಯಿತು" ಎಂದನು. ಅಷ್ಟೇ. ಮರುದಿನ ಮೊಮ್ಮಗಳ ಶಾಲೆಯ ಬಗ್ಗೆ ಕೇಳಿದೆ. ಮೊನ್ನೆ ಅವನೇ ಫೋನು ಮಾಡಿ, ತಾಯಿಯ ಮೊಣಕಾಲು ನೋವು ಹೇಗಿದೆಯೆಂದು ವಿಚಾರಿಸಿದನು. ಪ್ರತಿ ಸಲ ಫೋನು ಎತ್ತುವ ಮುನ್ನ ನಾನು ಬಲಗೈಯಿಂದ ಕಣ್ಣು ಮುಚ್ಚಿಕೊಳ್ಳುತ್ತೇನೆ. ಮುತ್ಯಾನ ಪ್ರಾರ್ಥನೆಯ ಭಾಷೆ ನನಗೆ ಬಾರದು; ನನಗೆ ತಿಳಿದ ಭಾಷೆಯಲ್ಲಿ ಹೇಳಿಕೊಳ್ಳುತ್ತೇನೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಯಾರೊಡನೆಯಾದರೂ ಮಾತು ನಿಂತಿದ್ದರೆ, ನಿಮ್ಮ ಮಾತೇ ಸರಿಯಿದ್ದರೂ, ಇಂದೇ ಆರಂಭಿಸಿರಿ. ಎಲ್ಲವನ್ನೂ ಇಂದೇ ಮುಗಿಸಲು ಹೋಗಬೇಡಿರಿ. ಮೂರು ಬೆರಳು ಸಾಕು. ನಾಳೆ ಮತ್ತೆ ಹೋಗಿರಿ.